ಅಕ್ಕನ ಡ್ರಮ್ಮಿನಲ್ಲಿ ಉಣ್ಣುತ್ತಿದ್ದವರು

ಅಕ್ಕ ನನಗೆ ಒಪ್ಪಿಸಿ ಹೋದದ್ದು ಒಂದೇ ಒಂದು ಕೆಲಸ. ತಾನು ಮಳವಳ್ಳಿಯಿಂದ ವಾಪಸು ಬರುವವರೆಗೆ ತನ್ನ ಹುಳುಗಳಿಗೆ ಊಟ ಹಾಕುವುದು. ಅದನ್ನು ನಾನು ಮಾಡಲಿಲ್ಲ. ಮಾಡಲಿಲ್ಲ ಅಂದರೂ ಪೂರಾ ನಿಜ ಹೇಳಿದಂತಾಗುವುದಿಲ್ಲ. ಮಾಡಬಾರದ್ದನ್ನು ಮಾಡಿದೆ, ಆಮೇಲೆ ಅದನ್ನು ಮುಚ್ಚಿಟ್ಟೆ. ಏನು ಮಾಡಿದೆ ಅಂತ ಹೇಳುವ ಮುಂಚೆ ನಮ್ಮಕ್ಕ ಎಂಥವಳು ಅನ್ನುವುದು ನಿಮಗೆ ಗೊತ್ತಾಗಬೇಕು. ಇಲ್ಲದಿದ್ದರೆ ನೀವು "ಹುಳ ತಾನೇ, ಹೋದರೆ ಹೋಗಲಿ" ಅಂದುಬಿಡುತ್ತೀರಿ. ನಾನೂ ಹಾಗೇ ಅಂದುಕೊಂಡಿದ್ದವನು.

ಮನುಷ್ಯರಿಗಿಂತ ಹುಳುಗಳಿಗೆ ಹೆಚ್ಚು ಮರ್ಯಾದೆ ಕೊಡುವ ಹೆಂಗಸು ನಮ್ಮ ಮದ್ದೂರು ತಾಲ್ಲೂಕಿನಲ್ಲಿ ಒಬ್ಬಳೇ ಇರುವುದು, ಅವಳು ನಮ್ಮಕ್ಕ. ನನ್ನನ್ನು ಅವಳು ಲೋ ಅನ್ನುತ್ತಾಳೆ. ಸೊಪ್ಪು ಮಾರುವವನನ್ನೂ ಲೋ ಅನ್ನುತ್ತಾಳೆ. ಮೀಟರು ನೋಡಲು ಬಂದ ಕರೆಂಟಿನವನನ್ನು "ಏನ್ಲಾ, ಓದ್ ಸಲ ಜಾಸ್ತಿ ಬರ್ದೋಗಿದ್ಯಲ್ಲ" ಎಂದು ಗೇಟಿನಲ್ಲೇ ನಿಲ್ಲಿಸಿಕೊಳ್ಳುತ್ತಾಳೆ. ಹುಳುಗಳು ಮಾತ್ರ 'ಅವರು'. ಒಂದು ಮಧ್ಯಾಹ್ನ ನಾನು ಹಸಿದುಕೊಂಡು ಹೋದಾಗ "ತಡಿಯಲೋ, ಅವ್ರಿನ್ನೂ ಉಂಡಿಲ್ಲ" ಅಂದಳು. ಯಾರೋ ದೊಡ್ಡ ನೆಂಟರು ಬಂದಿರಬೇಕು ಅಂದುಕೊಂಡು ನಾನು ಎತ್ತಿ ಕಟ್ಟಿದ್ದ ಪಂಚೆಯನ್ನು ಇಳಿಬಿಟ್ಟು, ತಲೆ ಸವರಿಕೊಂಡು, ನೆಟ್ಟಗೆ ಕೂತೆ. ಅವಳು ಪರಂಗಿ ಹಣ್ಣಿನ ಸಿಪ್ಪೆ ತುಂಬಿದ ಬೋಗುಣಿ ಹಿಡಿದು ಹಿತ್ತಿಲಿಗೆ ಹೋದಳು!

ಅಕ್ಕನ ಮನೆ ಇರುವುದು ಮದ್ದೂರಿನಲ್ಲಿ, ವೈದ್ಯನಾಥಪುರದ ಕಡೆಗೆ ಹೋಗುವ ರಸ್ತೆಯಲ್ಲಿ. ಹಿತ್ತಿಲಿನಲ್ಲಿ ಎರಡು ತೆಂಗಿನ ಮರ, ಒಂದು ಕೋಳಿ ಗೂಡು, ಒಂದು ನೀಲಿ ಡ್ರಮ್ಮು. ಈ ಡ್ರಮ್ಮು ಬಂದದ್ದು ಕಸದ ಗಾಡಿಯ ಮೇಲಿನ ಸಿಟ್ಟಿನಿಂದ. ಗಾಡಿ ಹಾಡು ಹಾಕಿಕೊಂಡು ಬರುತ್ತಿತ್ತು, ಅಕ್ಕ ಬಕೆಟ್ಟು ಹಿಡಿದು ಈಚೆ ಬರುವುದರೊಳಗೆ ಹಾಡು ಮುಂದಿನ ಬೀದಿಗೆ ಹೋಗಿರುತ್ತಿತ್ತು. ಒಂದು ದಿನ ಬೀದಿಯ ಕೊನೆಯವರೆಗೂ ಓಡಿ ಹಿಡಿದಳಂತೆ. ಗಾಡಿಯವನು ಬಕೆಟ್ಟು ನೋಡಿ, "ಹಸಿ ಕಸ ಬೇರೆ, ಒಣ ಕಸ ಬೇರೆ ಮಾಡ್ಕೊಂಬನ್ನಿ ಅಮ್ಮ" ಅಂದ.

"ಓಡಿ ಓಡಿ ನಾನೇ ಒಣಗೋಗಿವ್ನಿ, ಇದ್ನ ಬ್ಯಾರೆ ಒಣಗಿಸ್ಕೊಂಡ್ ಬರ್ಬೇಕಾ?" ಎಂದು ಅಕ್ಕ ಬಕೆಟ್ಟಿನ ಸಮೇತ ವಾಪಸು ಬಂದಳು. ಅಂದಿನಿಂದ ಅವಳ ಮನೆಯ ಹಸಿ ಕಸ ಗೇಟು ದಾಟಿಲ್ಲ. ಭಾವ ಅಕ್ಕಿ ಮಿಲ್ಲಿನ ಲಾರಿ ಓಡಿಸುವವರು, ಅವರು ಎಲ್ಲಿಂದಲೋ ಡ್ರಮ್ಮು ತಂದರು. ನಾನು ನಮ್ಮೂರು ಕೊಪ್ಪದಿಂದ ಹೋಗಿ ಕಬ್ಬಿಣದ ಸರಳು ಕಾಯಿಸಿ ಅದಕ್ಕೆ ತೂತು ಹಾಕಿಕೊಟ್ಟೆ. ಈ ಕಥೆಯಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಅದೊಂದೇ, ನೆನಪಿಟ್ಟುಕೊಳ್ಳಿ.

ಸ್ವಲ್ಪ ದಿನಕ್ಕೆ ಡ್ರಮ್ಮಿನಲ್ಲಿ ಹುಳುಗಳು ಕಾಣಿಸಿದವು. ಬೆರಳಿನ ಗೆಣ್ಣಿನಷ್ಟು ಉದ್ದ, ಚಪ್ಪಟೆ ಮೈ, ಮಾಸಲು ಬಣ್ಣ, ಮೈ ತುಂಬ ಮಡಿಕೆ. ಒಂದೆರಡಲ್ಲ, ಮುಚ್ಚಳ ತೆಗೆದರೆ ಇಡೀ ಕಸವೇ ಉಸಿರಾಡಿದಂತೆ ಕಾಣುತ್ತಿತ್ತು. ನೋಡಿದವರೆಲ್ಲ ಒಂದೊಂದು ಔಷಧಿ ಹೇಳಿದರು. ಒಬ್ಬರು ಉಪ್ಪು ಹಾಕು ಅಂದರು, ಒಬ್ಬರು ಸುಣ್ಣ ಅಂದರು. ನಾನು ಸೀಮೆಎಣ್ಣೆ ಅಂದೆ. ಅಕ್ಕ ಏನೂ ಹಾಕಲಿಲ್ಲ. ಒಂದು ಮಣೆ ಹಾಕಿಕೊಂಡು ಡ್ರಮ್ಮಿನ ಪಕ್ಕ ಕೂತು ನೋಡಿದಳು.

"ನೆನ್ನೆ ಒಂದ್ ಕುಂಬಳಕಾಯ್ ತಿರುಳು ಹಾಕಿದ್ನಲ್ಲ, ಎಲ್ಲದೆ ತೋರ್ಸು ನೋಡವ" ಅಂದಳು ನನಗೆ. ಬಗ್ಗಿ ನೋಡಿದೆ. ಇರಲಿಲ್ಲ. "ವಾಸ್ನೆ ಬತ್ತಾ ಅದಾ?" ಇರಲಿಲ್ಲ. "ಇನ್ಯಾಕ್ಲಾ ಸೀಮೆಎಣ್ಣೆ? ನೀನು ಉಂಡೋದ್ಮೇಲೆ ಬರೋ ವಾಸ್ನೆ ಇದ್ಕಿಂತ ಜಾಸ್ತಿ."

ಅವಳಿಗೆ ಮುಂದಿನ ಯೋಚನೆ ಹತ್ತಿತು. ಮಕ್ಕಳು ಇಷ್ಟೊಂದು ಇದ್ದಾರೆ, ಇವರ ತಾಯಿ ಯಾರು? ಮನೆಕೆಲಸ ಬಿಟ್ಟು ಕಾದು ಕೂತು ಕೊನೆಗೂ ಕಂಡುಹಿಡಿದಳು. ಕಪ್ಪಗೆ, ಉದ್ದಕ್ಕೆ, ಕಣಜದ ಹಾಗೆ ಕಾಣುವ ಒಂದು ನೊಣ. ಅದು ಊಟದ ಮೇಲೆ ಕೂರುವುದಿಲ್ಲ, ಡ್ರಮ್ಮಿನ ಬಾಯಿಯ ಹತ್ತಿರ ಸಂದಿ ಹುಡುಕಿ ಮೊಟ್ಟೆಯಿಟ್ಟು ಹೋಗುತ್ತದೆ. ಕೃಷಿ ಕಚೇರಿಯವರು ಯಾರೋ ಅದರ ಹೆಸರು ಸೈನಿಕ ನೊಣ ಅಂತಲೂ, ದೊಡ್ಡದಾದ ಮೇಲೆ ಅದು ಏನೂ ತಿನ್ನುವುದಿಲ್ಲ ಅಂತಲೂ ಹೇಳಿದರಂತೆ. ಅಕ್ಕನಿಗೆ ಆ ಹೆಸರು ಹಿಡಿಸಲಿಲ್ಲ. "ಸೈನಿಕ ಅಂದ್ರೆ ಕೈಲಿ ಕೋವಿಯಾದ್ರೂ ಇರ್ಬೇಕು. ಪಾಪ, ಇದ್ಕೆ ಉಣ್ಣಾಕೂ ಗತಿಯಿಲ್ಲ. ಬಾಣಂತಿ ಅನ್ನಿ" ಎಂದು ಅವರಿಗೇ ತಿದ್ದಿ ಕಳಿಸಿದಳು.

ಆಮೇಲೆ ಮನೆಯ ಅಡಿಗೆ ಡ್ರಮ್ಮಿನ ರುಚಿಯ ಪ್ರಕಾರ ನಡೆಯತೊಡಗಿತು. ನಿಂಬೆ ಸಿಪ್ಪೆಯನ್ನು ಅವರು ಮುಟ್ಟುವುದಿಲ್ಲ. ಈರುಳ್ಳಿ ಸಿಪ್ಪೆಯನ್ನು ಬೇರೇನೂ ಇಲ್ಲದಾಗ ನೋಡುತ್ತಾರೆ. ಬಾಳೆಹಣ್ಣಿನ ಸಿಪ್ಪೆ ಆಗುತ್ತದೆ. ಮುದ್ದೆಯ ಪಾತ್ರೆ ಕೆರೆದ ಸೀಕು ಅಂದರೆ ಹಬ್ಬ. ಹೀರೆಕಾಯಿ ಸಿಪ್ಪೆಯ ಚಟ್ನಿ ಅಕ್ಕನ ಕೈಯಲ್ಲಿ ಬಹಳ ಚೆನ್ನಾಗಿ ಆಗುತ್ತಿತ್ತು, ಅದು ಆ ಮನೆಯಲ್ಲಿ ನಿಂತೇಹೋಯಿತು. ಒಮ್ಮೆ ಭಾವ ಜಗಲಿಯಲ್ಲಿ ಕೂತು ನನ್ನ ಹತ್ತಿರ ಅತ್ತುಕೊಂಡರು. "ವಾರಗಟ್ಲೆ ಲಾರಿ ಓಡಿಸ್ಕಂಡು ಮನೆಗೆ ಬತ್ತೀನಿ ಕಣಯ್ಯ. ಉಂಡ್ಯಾ ಅಂತ ಕೇಳಲ್ಲ ನಿಮ್ಮಕ್ಕ. ದಾರೀಲಿ ಕೊಳ್ತೋಗಿರೋ ಹಣ್ಣು ಏನಾರ ಸಿಗ್ತಾ ಅಂತ ಕೇಳ್ತಾಳೆ."

"ಕೇಳ್ಳಿಲ್ಲ ಅಂದ್ರೆ ಇವ್ರು ಉಣ್ದೆ ಮಲಗ್ತಾರಾ?" ಅಂದಳು ಅಕ್ಕ ಒಳಗಿನಿಂದ. "ಅವ್ರಿಗೆ ಕೇಳಾಕೆ ಬಾಯಿಲ್ಲ. ಇವ್ರಿಗೆ ಅದೆ."

ಇದೆಲ್ಲಕ್ಕಿಂತ ದೊಡ್ಡದು ಗೊಣ್ಣೆಹುಳುವಿನ ವಿಚಾರಣೆ. ನಮ್ಮ ಕೊಟ್ಟಿಗೆಯ ಗೊಬ್ಬರವನ್ನು ಒಂದು ಚೀಲ ಅವಳ ತೆಂಗಿನ ಬುಡಕ್ಕೆ ತಂದುಕೊಟ್ಟಿದ್ದೆ. ಅದರಲ್ಲಿ ದಪ್ಪ ದಪ್ಪ ಬಿಳಿ ಹುಳುಗಳು ಸುರುಳಿ ಸುತ್ತಿಕೊಂಡು ಮಲಗಿದ್ದವು. ಇವುಗಳಲ್ಲಿ ಒಂದು ಜಾತಿ ಬೆಳೆದು ಕೊಂಬಿನ ದುಂಬಿಯಾಗಿ ತೆಂಗಿನ ಸುಳಿ ಕೊರೆಯುತ್ತದೆ. ಆದ್ದರಿಂದ ನಮ್ಮ ಕಡೆ ಗೊಣ್ಣೆಹುಳು ಕಂಡರೆ ಸೀದಾ ಕೋಳಿಗೆ ಎಸೆಯುತ್ತೇವೆ. ವಿಚಾರಣೆ ಗಿಚಾರಣೆ ಇಲ್ಲ. ಅಕ್ಕ ನನ್ನ ಕೈ ಹಿಡಿದಳು. "ಎಲ್ಲಾರೂ ಕಳ್ರಲ್ಲ ಕಣ್ಲಾ. ಬೆನ್ನ ಮೇಲೆ ನಡಿಯೋರು ಗಿಡ ಮುಟ್ಟಲ್ಲವಂತೆ. ಮಗ್ಗುಲಾಗಿ ತೆವಳೋರೇ ಅಪಾಯ."

ಬಟ್ಟೆ ಒಗೆಯುವ ಕಲ್ಲನ್ನು ಒರೆಸಿ, ಒಬ್ಬೊಬ್ಬರನ್ನೇ ಅದರ ಮೇಲೆ ಮಲಗಿಸಿದಳು. ಮೊದಲನೆಯದು ಮಗ್ಗುಲಲ್ಲಿ ಹೊರಳಿತು. ಕೋಳಿಗೆ ಹೋಯಿತು. ಎರಡನೆಯದು ಮೈ ಬಿಚ್ಚಿ, ಅಂಗಾತವಾಗಿ, ಕಾಲುಗಳನ್ನೆಲ್ಲ ಆಕಾಶಕ್ಕೆ ಮಾಡಿ, ಬೆನ್ನಿನಲ್ಲೇ ಸರಸರನೆ ಹೊರಟಿತು ನೋಡಿ! ಹುಟ್ಟಿದಾಗಿನಿಂದ ಗೊಬ್ಬರ ಹೊತ್ತವನು ನಾನು. ಕಾಲಿದ್ದೂ ಕಾಲು ಮೇಲೆ ಮಾಡಿಕೊಂಡು ನಡೆಯುವ ಪ್ರಾಣಿ ನಮ್ಮ ತಿಪ್ಪೆಯಲ್ಲೇ ಇತ್ತು ಅಂತ ಆವತ್ತೇ ಕಂಡದ್ದು. ಬಾಯಿ ಬಿಟ್ಟುಕೊಂಡು ನೋಡಿದೆ. ಏಳನೇ ತರಗತಿಯ ಪರೀಕ್ಷೆಯಲ್ಲಿ ನಾನೂ ಎರಡು ಸಲ ಅಂಗಾತ ಬಿದ್ದವನು, ಮುಂದಕ್ಕೆ ಮಾತ್ರ ಹೋಗಲಿಲ್ಲ.

ಮೂರನೆಯದು ಬೆನ್ನಿನಲ್ಲೂ ಇಲ್ಲ, ಮಗ್ಗುಲಲ್ಲೂ ಇಲ್ಲ, ಸುಮ್ಮನೆ ಸುರುಳಿ ಸುತ್ತಿಕೊಂಡು ಮಲಗಿತ್ತು. ಕಾಯುತ್ತಾ ಕೂತೆವು. ಕಾಫಿ ಆರಿತು. ಕೋಳಿಗಳೂ ಕತ್ತು ಓರೆ ಮಾಡಿಕೊಂಡು ತೀರ್ಪಿಗೆ ಕಾದವು.

"ಯಾಕಕ್ಕ ನಡೀತಿಲ್ಲ?"

"ಯೋಚ್ನೆ ಮಾಡ್ತಾವ್ರೆ. ಎಲ್ಲಾರೂ ನಿನ್ನಂಗೆ ಮೊದ್ಲು ನುಗ್ಗಿ ಆಮ್ಯಾಕೆ ಯೋಚ್ನೆ ಮಾಡಲ್ಲ."

ಈಗ ಅಕ್ಕನ ಕೈಯ ವಿಷಯ ಹೇಳಬೇಕು. ಕೈಗುಣ ಅಂತ ಒಂದಿದೆ. ನೀವು ನಂಬುತ್ತೀರೋ ಇಲ್ಲವೋ, ನಮ್ಮ ಕಡೆ ನಂಬುತ್ತೇವೆ. ಕೆಲವರು ನೆಟ್ಟ ಕರಿಬೇವು ಒಣಗುತ್ತದೆ, ಕೆಲವರು ಚುಚ್ಚಿದ ಕೋಲೂ ಚಿಗುರುತ್ತದೆ. ನಮ್ಮಕ್ಕ ಎರಡನೆಯ ಜಾತಿ. ಅವಳು ಹೆಪ್ಪು ಹಾಕಿದ ಹಾಲು ಕೆಡದು. ಅಕ್ಕಪಕ್ಕದವರು ಕೋಳಿಯನ್ನು ಕಾವಿಗೆ ಕೂರಿಸುವಾಗ ಅಕ್ಕನನ್ನು ಕರೆದು ಮೊಟ್ಟೆ ಇಡಿಸುತ್ತಾರೆ. ನಮ್ಮ ಗದ್ದೆಯಲ್ಲಿ ಪ್ರತಿ ಸಲ ಭತ್ತದ ಒಟ್ಲು ಬಿಡುವಾಗ, ಎಂದರೆ ಸಸಿ ಮಡಿಗೆ ಮೊಳಕೆ ಭತ್ತ ಚೆಲ್ಲುವಾಗ, ಮೊದಲ ಹಿಡಿ ಅವಳದೇ. ಮದುವೆಯಾಗಿ ಮದ್ದೂರಿಗೆ ಹೋದ ಮೇಲೂ ಅದು ತಪ್ಪಿಲ್ಲ. ಅಕ್ಕನಿಗೆ ಇದರ ಬಗ್ಗೆ ಜಂಬ ಇರಲಿಲ್ಲ, ಆದರೆ ಭರವಸೆ ಇತ್ತು. ಹೆಚ್ಚು ಓದಲಿಲ್ಲ, ಕೆಲಸಕ್ಕೆ ಹೋಗಲಿಲ್ಲ, ನಾಲ್ಕು ಜನ ಅವಳನ್ನು ಹುಡುಕಿಕೊಂಡು ಬರುತ್ತಿದ್ದದ್ದು ಆ ಕೈಗಾಗಿ. ಡ್ರಮ್ಮಿಗೂ ಅವಳು ಬರಿಗೈಯಲ್ಲೇ ಊಟ ಹಾಕುತ್ತಿದ್ದಳು. ಹುಳುಗಳ ನಡುವೆ ಕೈಯಿಟ್ಟು, "ಮುಟ್ಟಿ ನೋಡ್ಲಾ, ಕರುವಿನ್ ಬಾಯಿದ್ದಂಗದೆ, ಬೆಚ್ಚಗೆ" ಅನ್ನುತ್ತಿದ್ದಳು. ನಾನು ಮುಟ್ಟುತ್ತಿರಲಿಲ್ಲ. ಕಿವಿ ಮಾತ್ರ ಕೊಡುತ್ತಿದ್ದೆ. ಅವು ಉಣ್ಣುವಾಗ ಒಣ ಎಲೆಯ ಮೇಲೆ ಸೋನೆ ಬಿದ್ದಂತೆ ಸಣ್ಣಗೆ ಸದ್ದಾಗುತ್ತಿತ್ತು.

ಹೋದ ಬೇಸಿಗೆಯಲ್ಲಿ ಮಳವಳ್ಳಿಯಲ್ಲಿರುವ ಅವಳ ಮಗಳ ಅತ್ತೆ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡರು. ಮಗಳೊಬ್ಬಳಿಗೆ ಆಗುವುದಿಲ್ಲ ಎಂದು ಅಕ್ಕ ಹೊರಟಳು. ಭಾವ ಲಾರಿಯ ಮೇಲಿದ್ದರು. ಬೀಗದ ಕೈ ನನಗೆ ಕೊಟ್ಟು ಅಕ್ಕ ಹೇಳಿದ್ದು ಇಷ್ಟೇ. "ದಿನಾ ಒಸಿ ಒಸಿ ಹಾಕು. ಒಂದೇ ಸಲ ಸುರೀಬ್ಯಾಡ. ನೀರು ನೀರು ಹಾಕ್ಬ್ಯಾಡ. ನಿನ್ ನಂಬಿ ಓಯ್ತಾವ್ನಿ."

"ಹುಳಕ್ಕೆ ಊಟ ಹಾಕೋಕೂ ಬರಲ್ವೇನಕ್ಕ ನಂಗೆ?" ಅಂದೆ.

ಬರಲಿಲ್ಲ. ಮೊದಲೆರಡು ದಿನ ಹೋದೆ. ಆಮೇಲೆ ಹಸು ಕರು ಹಾಕಿತು, ಕಬ್ಬಿಗೆ ನೀರಿನ ಸರದಿ ಬಂತು, ಕೊಪ್ಪದಿಂದ ಮದ್ದೂರಿಗೆ ಹುಳುಗಳಿಗೆ ಉಣಿಸಲು ಬೈಕಿನಲ್ಲಿ ಹೋಗುವುದು ನನಗೇ ನಗೆಪಾಟಲಾಗಿ ಕಂಡಿತು. ನಾಳೆ ನಾಳೆ ಅಂದೆ. ಅಷ್ಟರಲ್ಲಿ ನಮ್ಮ ಬೀದಿಯಲ್ಲಿ ಒಂದು ಬೀಗರೂಟವಾಯಿತು. ಮಿಕ್ಕಿದ ಅನ್ನ, ಸಾರು, ಪಾಯಸ, ಮೊಸರು ಎಲ್ಲ ಕಂಡಾಗ ನನಗೆ ಹುಳುಗಳ ನೆನಪಾಯಿತು. ಇಷ್ಟು ದಿನದ ಬಾಕಿ ಒಂದೇ ಸಲ ತೀರಿಸಿದರಾಯಿತು ಅನ್ನಿಸಿತು. ದೊಡ್ಡ ಕ್ಯಾನಿನಲ್ಲಿ ತುಂಬಿಕೊಂಡು ಹೋಗಿ ಅಷ್ಟನ್ನೂ ಡ್ರಮ್ಮಿಗೆ ಸುರಿದು, ಮುಚ್ಚಳ ಹಾಕಿ, ಪುಣ್ಯ ಬಂತು ಅಂದುಕೊಂಡು ಬಂದೆ.

ಮಾರನೆಯ ಬೆಳಿಗ್ಗೆ ಫೋನು ಬಂತು. ಪಕ್ಕದ ಮನೆಯ ಮೇಡಂ. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು, ಗಾಬರಿಯಾದರೂ ಮಾತು ಅಚ್ಚುಕಟ್ಟು.

"ನಿಮ್ಮಕ್ಕನ ಮನೆಯವರು ನಮ್ಮ ಮನೆಗೆ ಬರ್ತಾ ಇದ್ದಾರೆ" ಅಂದರು.

"ಬರ್ಲಿ ಬುಡಿ ಮೇಡಂ. ಕಾಫಿ ಕೊಟ್ಟು ಕೂರ್ಸಿರಿ."

"ಕಾಂಪೌಂಡು ಹತ್ತಿ ಬರ್ತಾ ಇದ್ದಾರೆ ಕಣ್ರಿ."

ಬೈಕು ಹತ್ತಿ ಓಡಿದೆ. ನೀರಾಗಿದ್ದ ಊಟ ಹುಳಿ ಬಂದು, ಡ್ರಮ್ಮು ಒಳಗೆ ಕಾದು, ಉಸಿರಾಡಲಾಗದೆ ಹುಳುಗಳೆಲ್ಲ ಮನೆ ಬಿಟ್ಟು ಹೊರಟಿದ್ದವು. ನಾನೇ ಹಾಕಿದ್ದ ತೂತುಗಳಿಂದ ಸಾಲು ಸಾಲಾಗಿ ಇಳಿದು, ಅಂಗಳ ದಾಟಿ, ಗೋಡೆ ಹತ್ತಿ, ಮೇಡಂ ಮನೆಯ ಅಡಿಗೆ ಕೋಣೆಯ ಕಿಟಕಿಗೆ ತಲುಪಿದ್ದವು. ಕೋಳಿಗಳು ತಿಂದು ತಿಂದು ಸಾಕಾಗಿ, ರೆಕ್ಕೆ ಇಳಿಬಿಟ್ಟು ಕೂತಿದ್ದವು. ಮೇಡಂ ಒಳಗೆ ಬಾಗಿಲು ಹಾಕಿಕೊಂಡು, "ಏನಾದ್ರೂ ಮಾಡ್ರಿ, ಮಧ್ಯಾಹ್ನ ನಮ್ಮ ತಮ್ಮನ ಮನೆಯವರು ಊಟಕ್ಕೆ ಬರ್ತಾರೆ" ಅನ್ನುತ್ತಿದ್ದರು.

ಒಣ ಹುಲ್ಲೋ ತೆಂಗಿನ ನಾರೋ ಹಾಕಿ ಕದಡಿದ್ದರೆ ಸಾಕಾಗಿತ್ತು ಅಂತ ಈಗ ಗೊತ್ತು. ಅಕ್ಕನಿಗೆ ಒಂದು ಫೋನು ಮಾಡಿದ್ದರೆ ಅವಳೇ ಹೇಳುತ್ತಿದ್ದಳು. ಆದರೆ ಬಾಕಿ ತೀರಿಸಿದ ಕಥೆಯನ್ನೂ ಹೇಳಬೇಕಾಗುತ್ತಿತ್ತಲ್ಲ? ಬಚ್ಚಲ ಒಲೆಗೆ ಗರಿ ತುರುಕಿ ಹಂಡೆ ನೀರು ಕಾಯಿಸಿದೆ. ಬಕೆಟ್ಟಿಗೆ ತುಂಬಿ ತುಂಬಿ ಗೋಡೆಗೆ, ಅಂಗಳಕ್ಕೆ, ಕೊನೆಗೆ ಡ್ರಮ್ಮಿನೊಳಕ್ಕೆ ಸುರಿದೆ. ಒಂದು ಗಳಿಗೆ ಆವಿ ಎದ್ದಿತು. ಆಮೇಲೆ ಡ್ರಮ್ಮಿಗೆ ಕಿವಿಯಿಟ್ಟೆ. ಸೋನೆ ನಿಂತಿತ್ತು.

ಅದಾದ ನಾಲ್ಕು ದಿನಕ್ಕೆ ಅಕ್ಕ ಬಂದಳು. ಅಷ್ಟರಲ್ಲಿ ಅಂಗಳ ತೊಳೆದಿದ್ದೆ. ಅಕ್ಕನಿಗೆ ಹೇಳಬೇಡಿ ಎಂದು ಮೇಡಂ ಕೈಯಲ್ಲಿ ಮಾತು ತೆಗೆದುಕೊಂಡಿದ್ದೆ. ಅವರು ಕಾಟ ತಪ್ಪಿತಲ್ಲ ಅಂತ ಸಂತೋಷವಾಗಿಯೇ ಕೊಟ್ಟಿದ್ದರು. ಅಕ್ಕ ಚೀಲ ಕೆಳಗಿಡುವ ಮುಂಚೆ ಹಿತ್ತಿಲಿಗೆ ಹೋಗಿ ಮುಚ್ಚಳ ತೆಗೆದಳು.

"ಏನಾತ್ಲಾ?"

"ಗೊತ್ತಿಲ್ಲ ಕಣಕ್ಕ. ಬಂದು ನೋಡೋ ಹೊತ್ಗೆ ಎಲ್ಲಾ ಸತ್ತು ಬಿದ್ದಿದ್ವು."

ಬೈಯುತ್ತಾಳೆ ಅಂತ ಕಾದೆ. ಬೈದಿದ್ದರೆ ಆ ರಭಸಕ್ಕೆ ನಿಜ ಹೊರಗೆ ಬೀಳುತ್ತಿತ್ತೋ ಏನೋ. ಅವಳು ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡಳು. "ಹೊರಡೋ ದಿನ ನಾನೇ ಈ ಕೈಲಿ ಉಣ್ಣಾಕಿಟ್ಟು ಓಗಿದ್ದೆ" ಅಂದಳು. ಅಷ್ಟೇ. ಡ್ರಮ್ಮು ತೊಳೆದು ಬೋರಲು ಹಾಕಿದಳು.

ತಪ್ಪಿಸಿಕೊಂಡೆ ಅಂದುಕೊಂಡೆ ನಾನು. ಆದರೆ ಆವತ್ತಿನಿಂದ ಅವಳು ಹೆಪ್ಪು ಹಾಕುವುದನ್ನು ಬಿಟ್ಟಳು. ಪ್ಯಾಕೆಟ್ಟು ಮೊಸರು ಬಂತು. ಯಾರಾದರೂ ಕೋಳಿ ಕೂರಿಸಲು ಕರೆದರೆ, "ನನ್ ಕೈ ಮುಂಚ್ನಂಗಿಲ್ಲ, ಬ್ಯಾರೆಯೋರ್ನ ಕರೀರಿ" ಅಂದಳು. ತನ್ನ ಕೋಳಿಯ ಕೆಳಗೆ ಮೊಟ್ಟೆ ಇಡಲು ಮೇಡಂ ಅವರನ್ನು ಕೇಳಿಕೊಂಡಳು. ಮೇಡಂ ಅವರಿಗೆ ಕೋಳಿ ಅಂದರೆ ಭಯ. ಸೆರಗಿನಿಂದ ಮುಖ ಮುಚ್ಚಿಕೊಂಡು, ಇಕ್ಕಳದಲ್ಲಿ ಮೊಟ್ಟೆ ಹಿಡಿದು, ದೂರದಿಂದಲೇ ಒಂದೊಂದಾಗಿ ತಳ್ಳಿದರಂತೆ. ಗ್ರಹಚಾರ ನೋಡಿ, ಒಂದೂ ಕೆಡದೆ ಎಲ್ಲ ಮರಿಯಾದವು! ಅಕ್ಕನಿಗೆ ಅದೇ ಸಾಕ್ಷಿಯಾಯಿತು. "ನೋಡ್ದಾ? ಇಕ್ಕಳಕ್ಕಿರೋ ಗುಣ ನನ್ ಕೈಗಿಲ್ಲ" ಅಂದಳು ನಗುತ್ತಾ. ಭಾವ ನಗಲಿಲ್ಲ. ಹೀರೆಕಾಯಿ ಸಿಪ್ಪೆಯ ಚಟ್ನಿ ಮತ್ತೆ ಶುರುವಾಗಿತ್ತು. ತಟ್ಟೆಯ ಅಂಚಿಗೆ ಅದನ್ನು ಸರಿಸುತ್ತಾ, "ಇದು ಬ್ಯಾಡಾಗಿತ್ತು ಕಣಯ್ಯ" ಅಂದರು ನನಗೆ.

ನಿಜ ಹೇಳದೆಯೇ ಸರಿಮಾಡಲು ನಾನು ಒಂದು ದಾರಿ ನೋಡಿದೆ. ನಮ್ಮ ತಿಪ್ಪೆ ಕೆದಕಿ, ಸಿಕ್ಕ ಹುಳುಗಳನ್ನು ಡಬ್ಬಿಗೆ ತುಂಬಿಕೊಂಡು ಹೋಗಿ, ಅವರೇ ತಿರುಗಿ ಬಂದವ್ರೆ ಕಣಕ್ಕ ಅಂದೆ. ಅಕ್ಕ ಬಗ್ಗಿ ನೋಡಿದಳು. "ಇವು ಮನೆ ನೊಣದ ಮರಿ ಕಣ್ಲಾ. ಅವ್ರ್ ಮಖ ನಂಗೆ ಗೊತ್ತಿಲ್ವಾ?" ಎಂದು ಡಬ್ಬಿಯನ್ನು ಕೋಳಿಗಳ ಮುಂದೆ ಬೋರಲು ಮಾಡಿದಳು.

ನಾಲೆಗೆ ನೀರು ಬಿಟ್ಟರು. ನಮ್ಮ ಒಟ್ಲು ಮಡಿ ತಯಾರಾಯಿತು. ಭತ್ತ ನೆನೆಸಿ ಗೋಣಿಚೀಲದಲ್ಲಿ ಕಟ್ಟಿಟ್ಟಿದ್ದು ಬಿಳಿ ಮೊಳಕೆ ಒಡೆದಿತ್ತು. ಇನ್ನು ತಡ ಮಾಡುವಂತಿರಲಿಲ್ಲ. ಅಕ್ಕ ಫೋನಿನಲ್ಲಿ ಬರುವುದಿಲ್ಲ ಅಂದಳು. ನನ್ನ ಹೆಂಡತಿ, "ಅತ್ತಿಗೆ ಬರ್ದಿದ್ರೆ ಚೀಲ ಬಿಚ್ಚಲ್ಲ" ಎಂದು ಹಟ ಹಿಡಿದಳು. ಮದ್ದೂರಿಗೆ ಹೋಗಿ ಅಕ್ಕನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದೆ. ಗದ್ದೆಯ ಬದುವಿನವರೆಗೆ ಬಂದವಳು ಅಲ್ಲೇ ನಿಂತಳು. ಕೈ ಎರಡೂ ಸೆರಗಿನೊಳಗಿದ್ದವು.

"ನಿನ್ ಎಂಡ್ತಿ ಕೈಲಿ ಹಾಕ್ಸು. ನಾ ನೋಡ್ತಾ ನಿಂತಿರ್ತೀನಿ."

"ಎಲ್ಲಾ ಸಲ ನೀನೇ ತಾನೇ ಅಕ್ಕ?"

"ಆವಾಗ ಬ್ಯಾರೆ." ಅವಳು ಮೊಳಕೆ ಭತ್ತವನ್ನು ನೋಡಿದಳು, ಆಮೇಲೆ ದೂರ ನೋಡಿದಳು. "ಅಷ್ಟು ಜೀವ ನನ್ ಕೈ ನಂಬ್ಕಂಡು ಉಣ್ತಿದ್ವು ಕಣ್ಲಾ. ಏನ್ ಹಾಕ್ದೆ ಅಂತ ನಂಗೇ ಗೊತ್ತಾಯ್ತಿಲ್ಲ. ಮಲಗಿದ್ರೂ ಅದೇ ಯೋಚ್ನೆ. ಇನ್ನು ನಿಮ್ಮನೆ ಅನ್ನಕ್ಕೂ ಈ ಕೈ ಇಕ್ಕಿ, ನಾಳೆ ಒಟ್ಲು ಏಳ್ದಿದ್ರೆ? ಬ್ಯಾಡ. ಬಲವಂತ ಮಾಡ್ಬ್ಯಾಡ."

ಅವಳ ಕಣ್ಣಲ್ಲಿ ನೀರಿತ್ತು. ನಮ್ಮಕ್ಕನ ಕಣ್ಣಲ್ಲಿ ನಾನು ಅದನ್ನು ಕಂಡದ್ದು ಕಡಿಮೆ. ಚೀಲದ ಹತ್ತಿರ ಕೂತಿದ್ದ ನನ್ನ ಹೆಂಡತಿ ನನ್ನ ಮುಖ ನೋಡಿದಳು. ನಾನು ಬದುವಿನ ಕೆಳಗೆ ಕೆಸರಿನಲ್ಲಿ ನಿಂತಿದ್ದೆ. ಸೆರಗಿನೊಳಗೆ ಕೈಯಿಟ್ಟು ಅವಳ ಬಲಗೈಯನ್ನು ಈಚೆಗೆ ಎಳೆದುಕೊಂಡೆ. ತಣ್ಣಗಿತ್ತು.

"ಅಕ್ಕ, ನಿನ್ ಕೈಗೇನೂ ಆಗಿಲ್ಲ" ಅಂದೆ. "ನಾನೇ ದಿನಾ ಓಗ್ಲಿಲ್ಲ, ಬೀಗರೂಟದ್ದೆಲ್ಲ ಒಂದೇ ಸಲ ಸುರ್ದೆ. ಅವ್ರು ಈಚೆ ಬಂದ್ರು. ನಾನೇ ಹಂಡೆಲಿ ನೀರ್ ಕಾಯ್ಸಿ ಅವ್ರ ಮೇಲೆ ಉಯ್ದೆ. ಗೊತ್ತಿಲ್ಲ ಅಂತ ನಿಂಗೆ ಸುಳ್ ಹೇಳ್ದೆ. ನೀ ನಿನ್ ಕೈ ನೋಡ್ಕಂಡಾಗ್ಲೂ ಸುಮ್ಕಿದ್ದೆ. ತಪ್ಪಾಯ್ತಕ್ಕ. ನಂದೇ ತಪ್ಪು."